ತಿರುಗಾಮುರುಗಾ ಬೆಂಚು

ಕಾಲರಿನ ಹಳೆಯ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಬಿಚ್ಚುತ್ತಿದ್ದಾಗ ಕೆಳಗೆ ಬೀದಿಯಲ್ಲಿ ಶವದ ಗಾಡಿ ಬಂದು ನಿಂತ ಸದ್ದಾಯಿತು. ಟೈಲರ್ ತಲೆ ಎತ್ತಲಿಲ್ಲ. ಹಳೆಯ ನೂಲು, ಎಳೆದರೆ ಬಟ್ಟೆಯೇ ಹರಿದೀತು. ಒಂದೊಂದೇ ಹೊಲಿಗೆಯನ್ನು ಪುಸಲಾಯಿಸಿ ಬಿಚ್ಚಬೇಕು.

“ಭಾವ, ಗಾಡಿ ಬಂತು,” ಎಂದಳು ನಾದಿನಿ, ಬಾಗಿಲಲ್ಲಿ ನಿಂತು. ತೀರಿಹೋದ ಹೆಂಡತಿಯ ಒಬ್ಬಳೇ ತಂಗಿ. ಸುದ್ದಿ ಕೇಳಿದವಳೇ ಸಿಕ್ಕ ರೈಲು ಹತ್ತಿ ಬಂದಿದ್ದಳು. ಅತ್ತೂ ಅತ್ತೂ ಮುಖ ಊದಿಕೊಂಡಿತ್ತು. “ಇವತ್ತೂ ಹೊಲಿಗೇನಾ?”

“ಆಯ್ತು. ಇದೊಂದು.”

“ಬೇರೆ ಅಂಗಿ ಇಲ್ವಾ ನಿಮಗೆ? ಊರಿಗೆಲ್ಲ ಹೊಲಿದು ಕೊಡ್ತೀರಿ.”

“ಇದನ್ನೇ ಹಾಕ್ಕೋಬೇಕು. ಕಾಲರ್ ಸವೆದಿದೆ, ತಿರುಗಿಸಿ, ತಿರುಗಿಸಿ ಅಂತ ಎಷ್ಟು ದಿನದಿಂದ ಹೇಳ್ತಿದ್ಳು ನಿಮ್ಮಕ್ಕ.”

ಊರಿನವರ ಕಾಲರ್ ತಿರುಗಿಸುವುದೇ ಟೈಲರ್ ಕಸುಬಿನ ಮುಕ್ಕಾಲು ಪಾಲು. ಕತ್ತಿನ ಬೆವರಿಗೆ ಸವೆದ ಮೈಯನ್ನು ಒಳಗೆ ಹಾಕಿ, ಯಾರೂ ನೋಡದೆ ಹೊಸದಾಗಿಯೇ ಉಳಿದ ಮೈಯನ್ನು ಹೊರಗೆ ತಂದು ಹೊಲಿದರೆ ಅಂಗಿಗೆ ಮತ್ತೊಂದಿಷ್ಟು ವರ್ಷ ಆಯಸ್ಸು ಬರುತ್ತದೆ. ತಮ್ಮ ಅಂಗಿಯ ಸರದಿ ಮಾತ್ರ ಯಾವಾಗಲೂ ನಾಳೆಗೆ ಹೋಗುತ್ತಿತ್ತು.

ಪಕ್ಕದ ಕೋಣೆಯಲ್ಲಿ ಆಕೆ ಮಲಗಿದ್ದಳು. ಬಾಗಿಲು ತೆರೆದೇ ಇತ್ತು. ಮೊನ್ನೆ ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದವಳು ಹಾಗೇ ಗೋಡೆಗೆ ಒರಗಿ ಕುಳಿತಿದ್ದಳು. ನಲ್ಲಿಯ ನೀರು ಹರಿಯುತ್ತಲೇ ಇತ್ತು. ಟೈಲರ್ ಮೊದಲು ಮಾಡಿದ ಕೆಲಸ ನಲ್ಲಿ ನಿಲ್ಲಿಸಿದ್ದು. ಆ ಹೊತ್ತಿನಿಂದ ಅವರಿಗೆ ನಿದ್ದೆ ಬಂದಿರಲಿಲ್ಲ, ಪೂರ್ತಿ ಎಚ್ಚರವೂ ಇರಲಿಲ್ಲ. ಮನೆಗೆ ಜನ ಬಂದು ಹೋಗುತ್ತಿದ್ದರು, ಮಾತು ದೂರದಿಂದ ಕೇಳುತ್ತಿತ್ತು. ಚಾವಣಿಯ ಮೇಲೆ ಎಂದಿನಂತೆ ಬೆಳಗಿನ ಬೆಳಕು ಅಲೆ ಅಲೆಯಾಗಿ ನಡುಗುತ್ತಿತ್ತು. ದೂರದ ನೀರಿನಿಂದ ಎದ್ದು ಬರುವ ಬೆಳಕು ಅದು. ಹಳೆಯ ಬಂದರಿನ ಗೋಡೆ ಬಿದ್ದ ವರ್ಷದಿಂದ ಈ ಮೂರನೆಯ ಮಹಡಿಗೆ ತಪ್ಪದೆ ಬರುತ್ತಿತ್ತು. ಹಾಸಿಗೆಯಲ್ಲಿ ಆಕೆ ಅದನ್ನು ನೋಡುತ್ತಿರುವಂತೆಯೇ ಇತ್ತು.

“ಈ ಕಿಟಕಿಗೆ ಒಂದು ಪರದೆ ಬೇಡ್ವಾ ಭಾವ?” ನಾದಿನಿ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಳು. “ಟೈಲರ್ ಮನೇಲಿ ಪರದೆ ಇಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ? ಸಂಜೆ ಜನ ಬರ್ತಾರೆ. ಹೊದಿಕೆ ಆದ್ರೂ ಕಟ್ತೀನಿ.”

“ಹಾಕಿದ್ದೆ ಒಂದ್ಸಲ. ಅವಳೇ ಬಿಚ್ಚಿ ದಿಂಬಿನ ಚೀಲ ಮಾಡ್ಬಿಟ್ಳು.”

“ಯಾಕೆ?”

“ನಿಮ್ಮ ಕಣ್ಣಿಗೆ ಬೆಳಕು ಬೇಕು, ಅಂದ್ಳು.”

“ಅಕ್ಕನಿಗೆ ಬರೀ ನಿಮ್ದೇ ಜಪ,” ಎಂದು ನಾದಿನಿ ಅಳುವಿನ ನಡುವೆಯೇ ನಕ್ಕಳು. “ಫೋನ್ ಮಾಡಿದ್ರೆ ಅವರು ಹಾಗಂದ್ರು, ಅವರು ಹೀಗೆ ಕೂತಿದ್ರು, ಅವರಿಗೆ ನೆಗಡಿ. ಒಂದಿನ ರೇಗಿ ಕೇಳಿದೆ, ಯಾರೇ ಅದು ಅವರು, ಹೆಸರಿಲ್ವಾ ಅಂತ. ಅವರು ಅಂದ್ರೆ ಅವರೇ, ಅಂದ್ಳು.”

ಟೈಲರ್ ಕಾಲರನ್ನು ತಿರುಗಿಸಿಟ್ಟು ಮಷಿನ್ ಓಡಿಸಿದರು. ಅಂಗಿ ತೊಟ್ಟರು. ಮೆಟ್ಟಿಲಿಳಿಯುವಾಗ ಮಷಿನ್ ಮೇಲಿನ ದೀಪ ಹಾಗೇ ಉರಿಯುತ್ತಿತ್ತು. ಆರಿಸಿ ಎಂದು ನೆನಪಿಸುವವಳನ್ನು ನಾಲ್ಕು ಜನ ಹೊತ್ತು ಮುಂದೆ ಇಳಿಯುತ್ತಿದ್ದರು.

* * *

ಗಾಡಿಯಲ್ಲಿ ಅವರ ಪಕ್ಕಕ್ಕೆ ಬಂದು ಕುಳಿತವರು ಮೇಲಿನ ಮನೆಯ ಟೀಚರಮ್ಮ. ಇಬ್ಬರಿಗೂ ಇರಿಸುಮುರಿಸಾಯಿತು. ಒಂದೇ ಮೆಟ್ಟಿಲು ಹತ್ತಿಳಿಯುವ ಈ ಇಬ್ಬರು ಮಾತು ಬಿಟ್ಟು ವರ್ಷಗಳಾಗಿದ್ದವು. ಸರಿಯಾಗಿ ಹೇಳಬೇಕೆಂದರೆ ಮಾತು ಬಿಟ್ಟದ್ದು ಟೈಲರ್, ಟೀಚರಮ್ಮನಿಗೆ ಅದು ಯಾಕೆಂದು ಗೊತ್ತೇ ಇರಲಿಲ್ಲ.

ಗಾಡಿ ನಿಧಾನ ಹೋಗುತ್ತಿತ್ತು. ಗಾಜಿನಾಚೆ ಅಂಗಡಿಗಳು ಸರಿಯುತ್ತಿದ್ದವು, ಟೈಲರ್‌ಗೆ ಅಂಗಡಿಗಳೇ ಎಲ್ಲಿಗೋ ಹೊರಟಂತೆ ಕಾಣುತ್ತಿತ್ತು.

“ಇವತ್ತಾದ್ರೂ ಹೇಳಿ,” ಎಂದರು ಟೀಚರಮ್ಮ ಸಣ್ಣ ದನಿಯಲ್ಲಿ. “ನಾನು ಏನು ತಪ್ಪು ಮಾಡಿದ್ದೆ ನಿಮಗೆ?”

ಟೈಲರ್ ತಮ್ಮ ಕನ್ನಡಕ ಸರಿಮಾಡಿಕೊಂಡರು. ಸೂಜಿಗೆ ನೂಲು ಪೋಣಿಸುವ ಕನ್ನಡಕ ಅದು, ಮೊಳದಾಚೆಯದೆಲ್ಲ ಮಂಜು. ಆದರೂ ಮಲಗುವಾಗಲ್ಲದೆ ಅವರು ಅದನ್ನು ತೆಗೆಯುತ್ತಿರಲಿಲ್ಲ. ದೂರದ್ದನ್ನು ನೋಡುವ ಕೆಲಸ ತಮಗೇನಿದೆ ಎನ್ನುತ್ತಿದ್ದರು.

“ಹೋಗ್ಲಿ ಬಿಡಿ. ಹಳೇದು.”

“ಹಳೇದಾದ್ರೂ ನಂದಲ್ವಾ? ಹೇಳಿ.”

“ನೀವು ಅವಳಿಗೆ ಚಾಡಿ ಹೇಳ್ತಿದ್ರಿ.”

“ಚಾಡಿ?”

“ನನ್ನ ಬಗ್ಗೆ. ಅವಳು ಸಂಜೆ ಮನೆಗೆ ಬಂದ ತಕ್ಷಣ ಶುರು ಮಾಡ್ತಿದ್ಳು. ಮಧ್ಯಾಹ್ನ ದೀಪ ಹಾಕ್ಕೊಂಡೇ ನಿದ್ದೆ ಮಾಡಿದ್ರಿ. ಮಷಿನ್ ಮೇಲೆ ತಲೆ ಇಟ್ಟಿದ್ರಿ, ಕತ್ತು ನೋಯಲ್ವಾ. ಇವತ್ತು ಕೆಂಪು ಬಟ್ಟೆ ಹೊಲೀತಿದ್ರಲ್ಲ, ಯಾರದ್ದು. ಒಂದಾ ಎರಡಾ? ಅವಳು ಬಂದರಿನ ದಂಡೇಲಿ. ಮನೇಲಿ ನಾನೊಬ್ಬನೇ. ಮೇಲೆ ಕೆಳಗೆ ಓಡಾಡೋರು ಅಂದ್ರೆ ನೀವು.”

ಟೀಚರಮ್ಮ ಅವರನ್ನೇ ನೋಡಿದರು. ನಗಬಾರದ ಜಾಗದಲ್ಲಿ ನಗು ಬಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಮಧ್ಯಾಹ್ನ ನಾನು ಶಾಲೇಲಿ ಇರ್ತಿದ್ನಲ್ಲ. ಮಕ್ಕಳನ್ನ ಬಿಟ್ಟು ನಿಮ್ಮ ನಿದ್ದೆ ನೋಡೋಕೆ ಬರ್ಲಾ? ನಿಮ್ಮ ಮನೆ ಒಳಗೆ ನಾನು ಕಾಲಿಟ್ಟಿದ್ದೇ ಮೊನ್ನೆ.”

ಅದು ನಿಜ. ಶಾಲೆಗೆ ಹೋಗುವವರು ಮಧ್ಯಾಹ್ನ ಮನೆಯಲ್ಲಿರುವುದಿಲ್ಲ ಎಂಬ ಸಣ್ಣ ಮಾತು ಇಷ್ಟು ವರ್ಷ ಟೈಲರ್ ತಲೆಗೆ ಹೊಳೆದಿರಲಿಲ್ಲ. ಸಿಟ್ಟು ಬಂದ ದಿನ ಲೆಕ್ಕ ಸರಿಯಿದೆಯೇ ಎಂದು ಯಾರು ನೋಡುತ್ತಾರೆ.

“ಮತ್ತೆ ಯಾರು ಹೇಳ್ತಿದ್ರು?” ಎಂದರು.

“ನನಗೇನು ಗೊತ್ತು? ಅವರನ್ನೇ ಕೇಳ್ಬೇಕಿತ್ತು,” ಎಂದ ಟೀಚರಮ್ಮ ಮುಂದೆ ಮಲಗಿದ್ದವಳ ಕಡೆ ನೋಡಿ ಅಳತೊಡಗಿದರು.

* * *

ಮದುವೆಯಾದ ಹೊಸತರಲ್ಲಿ ಊಟದ ಮೇಜಿಗೆ ನಾಲ್ಕು ಕುರ್ಚಿಗಳಿದ್ದವು. ಒಂದು ಬೆಳಿಗ್ಗೆ ಆಕೆ ಅದರಲ್ಲೊಂದನ್ನು ಎತ್ತಿಕೊಂಡು ಆಫೀಸಿಗೆ ಹೊರಟಳು.

“ಆಫೀಸಲ್ಲಿ ಕುರ್ಚಿ ಇಲ್ವಾ?” ಎಂದು ಕೇಳಿದ್ದರು ಟೈಲರ್.

“ಅದರ ಮೇಲೆ ಕೂತ್ರೆ ಆಫೀಸೇ ಕಾಣೋದು.”

ಆಕೆ ನಗರಸಭೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ ಮೆಲ್ಲಮೆಲ್ಲನೆ ಮೇಲೆ ಬಂದವಳು. ಹಳೆಯ ಬಂದರನ್ನು ಏನು ಮಾಡುವುದೆಂಬ ಕಡತ ಮೇಜಿನಿಂದ ಮೇಜಿಗೆ ಸುತ್ತಿ, ಯಾರಿಗೂ ಬೇಡವಾಗಿ ಆಕೆಯ ಮೇಜಿಗೆ ಬಂದು ಬಿದ್ದಿತ್ತು. ದೊಡ್ಡ ಹಡಗುಗಳು ಬೇರೆ ಕಡೆ ಹೋಗಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ಖಾಲಿ ಗೋದಾಮುಗಳು, ತುಕ್ಕು ಹಿಡಿದ ಕ್ರೇನು, ಹುಲ್ಲಿನಲ್ಲಿ ಮುಚ್ಚಿಹೋದ ಹಳಿ, ಮತ್ತು ಊರಿಗೂ ನೀರಿಗೂ ನಡುವೆ ಒಂದು ಉದ್ದನೆಯ ಗೋಡೆ. ಗೋಡೆಯಾಚೆ ನೀರಿದೆ ಎಂದು ಊರಿನ ಮಕ್ಕಳಿಗೆ ವಾಸನೆಯಿಂದ ಗೊತ್ತಿತ್ತು, ಕಣ್ಣಿಂದ ಕಂಡವರಿರಲಿಲ್ಲ.

ಕಾರು ನಿಲ್ಲಿಸುವ ಜಾಗ ಮಾಡೋಣ ಎಂದರು ಕೆಲವರು. ಹೋಟೆಲು ಎಂದರು ಇನ್ನು ಕೆಲವರು. ಆಕೆ ಗೋಡೆ ಒಡೆಯೋಣ ಎಂದಳು.

“ಒಡೆದು?” ಎಂದು ಸಭೆಯಲ್ಲಿ ದೊಡ್ಡ ಸಾಹೇಬರು ಕೇಳಿದ್ದರಂತೆ.

“ಜನ ಬಂದು ಕೂರ್ತಾರೆ.”

“ಕೂತು?”

“ಕೂತ್ಕೋತಾರೆ ಸಾರ್. ಅಷ್ಟೇ.”

ಆಮೇಲೆ ಸಾಹೇಬರನ್ನೇ ಕರೆದುಕೊಂಡು ಹೋಗಿ, ಕಸದ ಗುಡ್ಡೆಗಳ ನಡುವೆ ಮನೆಯ ಕುರ್ಚಿ ಹಾಕಿ ಅವರನ್ನು ಕೂರಿಸಿ, ತಾನು ದೂರ ಹೋಗಿ ನಿಂತುಬಿಟ್ಟಳು. ಸಾಹೇಬರು ಗಡಿಯಾರ ನೋಡಿಕೊಂಡರು. ಆಮೇಲೆ ನೋಡಿಕೊಳ್ಳುವುದನ್ನು ಬಿಟ್ಟರು. ಎದ್ದು ಬಂದಾಗ ಅವರ ಬೂಟಿಗೆಲ್ಲ ಕೆಸರಾಗಿತ್ತು, ಮುಖದಲ್ಲಿ ಆಗಷ್ಟೇ ನಿದ್ದೆಯಿಂದ ಎದ್ದವರ ಕಳೆ ಇತ್ತು. ಕಾರಿನ ಮಾತು ಆ ದಿನಕ್ಕೆ ನಿಂತುಹೋಯಿತು.

ಅದು ಆಕೆಯ ಪದ್ಧತಿಯೇ ಆಯಿತು. ಬೆಂಚು ಎಲ್ಲಿ ಬೇಕೆಂದು ಮೊದಲೇ ನಕ್ಷೆಯ ಮೇಲೆ ಗುರುತು ಹಾಕುತ್ತಿರಲಿಲ್ಲ. ದಂಡೆಯುದ್ದಕ್ಕೂ ಕುರ್ಚಿ ಹೊತ್ತುಕೊಂಡು ತಿರುಗುತ್ತಿದ್ದಳು. ದೋಣಿಯವನು, ಕಾವಲುಗಾರ, ದಾರಿತಪ್ಪಿ ಬಂದವರು, ಯಾರು ಸಿಕ್ಕರೂ ಸರಿ, ಕೂರಿಸಿ, “ಏನು ಕಾಣತ್ತೆ?” ಎಂದು ಕೇಳುವಳು. ಒಬ್ಬ ಮುದುಕ, ಆ ಕಾಲದಲ್ಲಿ ಹಡಗಿಗೆ ಮೂಟೆ ಹೊರುತ್ತಿದ್ದವನು, ಕುಳಿತು ಬಹಳ ಹೊತ್ತಿನ ಮೇಲೆ, “ನಮ್ಮಪ್ಪ,” ಎಂದನಂತೆ. ಅಲ್ಲಿ ಕುರ್ಚಿಯ ಕಾಲುಗಳ ಸುತ್ತ ಸೀಮೆಸುಣ್ಣದ ಗುರುತು ಬಿತ್ತು. ಬೆಂಚು ಅಲ್ಲೇ ಬಂತು. ಕಲ್ಲುಗಳ ಅಂಚಿನಲ್ಲಿ ಹಡಗಿನ ಹಗ್ಗ ಉಜ್ಜಿ ಉಜ್ಜಿ ಆಳವಾದ ಗೀರುಗಳಾಗಿದ್ದವು. ಅವನ್ನು ತಿಕ್ಕಿ ನುಣುಪು ಮಾಡುತ್ತೇವೆಂದು ಗುತ್ತಿಗೆದಾರ ಬಂದಾಗ ಆಕೆ ಕಲ್ಲಿಗೆ ಅಡ್ಡ ನಿಂತಿದ್ದಳು. ಈಗ ಮಕ್ಕಳು ಆ ಗೀರುಗಳಲ್ಲಿ ಬೆರಳಿಟ್ಟುಕೊಂಡು ಓಡುತ್ತಾರೆ ಎಂದು ಟೈಲರ್ ಕೇಳಿದ್ದರು.

ಊರಿನವರು ‘ಕುರ್ಚಿ ಮೇಡಂ’ ಎಂದು ಹೆಸರಿಟ್ಟರು. ಮನೆಯ ಮೇಜಿಗೆ ಮೂರೇ ಕುರ್ಚಿ ಉಳಿದವು. ಊಟಕ್ಕೆ ಕೂರುವವರು ಇಬ್ಬರೇ ಆದ್ದರಿಂದ ಕೊರತೆಯೇನೂ ಆಗಲಿಲ್ಲ. ಆದರೂ ಆ ಖಾಲಿ ಜಾಗದ ಕಡೆ ನೋಡಿದಾಗಲೆಲ್ಲ ಟೈಲರ್‌ಗೆ ಹೆಂಡತಿಯ ಒಂದು ಪಾಲನ್ನು ಯಾರೋ ಎತ್ತಿಕೊಂಡು ಹೋದ ಹಾಗೆ ಅನಿಸುತ್ತಿತ್ತು.

* * *

ಗುಡ್ಡದ ಮೇಲೆ ಮಣ್ಣು ಒದ್ದೆಯಾಗಿತ್ತು. ಎಲ್ಲರೂ ಒಂದೊಂದು ಹಿಡಿ ಹಾಕಿದರು. ಟೈಲರ್ ಹಾಕಿದ ಮಣ್ಣು ಬೆರಳಿಗೆ ಅಂಟಿಕೊಂಡಿತು. ಅವರು ಅದನ್ನು ಒರೆಸಿಕೊಳ್ಳದೆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತರು. ಕೆಳಗೆ ಊರು, ಊರಿನಾಚೆ ಬಿಳಿಯ ಮಂಜಿನಂಥದ್ದು. ಅದೇ ನೀರಿರಬೇಕು. ಕಾಲಡಿಯ ಗುಡ್ಡ ಮೆಲ್ಲಗೆ ತೂಗುತ್ತಿದೆ ಎನಿಸಿತು.

ಆಫೀಸಿನ ಎಂಜಿನಿಯರ್ ಹತ್ತಿರ ಬಂದ. ಆಕೆಯ ಕೈಕೆಳಗೆ ಕೆಲಸ ಕಲಿತು, ಆಕೆ ನಿವೃತ್ತಳಾದ ಮೇಲೆ ಆಕೆಯ ಜಾಗಕ್ಕೆ ಬಂದವನು. ಅವನ ಹಿಂದೆ ಬಿಳಿ ತಲೆಯ ಮೇಸ್ತ್ರಿ, ಹೆಗಲಿಗೆ ಸಾಮಾನಿನ ಚೀಲ. ಈ ದಿನವೂ ಚೀಲ ತಂದಿದ್ದಾನಲ್ಲ ಎಂದುಕೊಂಡ ಟೈಲರ್‌ಗೆ ತಮ್ಮ ಬೆಳಗಿನ ಹೊಲಿಗೆ ನೆನಪಾಗಿ ಅವನ ಮೇಲೆ ಒಂಥರಾ ವಿಶ್ವಾಸ ಬಂತು.

“ಸಾರ್, ಒಂದು ಮಾತು ಕೇಳ್ಬೇಕಿತ್ತು,” ಎಂದ ಎಂಜಿನಿಯರ್. “ಸಂಜೆ ದಂಡೇಲಿ ಎಲ್ಲರೂ ಸೇರ್ತಿದ್ದೀವಿ. ಮೇಡಂ ದಿನಾ ಕೂರ್ತಿದ್ದ ಬೆಂಚಿಗೆ ಅವರ ಹೆಸರು ಹಾಕೋಣ ಅಂತ. ಆದ್ರೆ…”

“ಆದ್ರೆ ಏನು?”

“ಅದೇ ತಿರುಗಾಮುರುಗಾ ಬೆಂಚು ಸಾರ್. ಎಲ್ಲ ಬೆಂಚೂ ನೀರಿಗೆ ಮುಖ ಮಾಡಿವೆ, ಅದೊಂದು ಮಾತ್ರ ನೀರಿಗೆ ಬೆನ್ನು ಹಾಕಿದೆ. ಅದನ್ನ ಸರಿಯಾಗಿ ತಿರುಗಿಸಿ, ಆಮೇಲೆ ಹೆಸರು ಹಾಕೋಣ ಅಂತ ನಮ್ಮ ಆಸೆ. ಮೇಡಂ ಇದ್ದಾಗ ಮುಟ್ಟೋಕೇ ಬಿಡ್ಲಿಲ್ಲ. ನೀವು ಹೂಂ ಅಂದ್ರೆ…”

ಟೈಲರ್‌ಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಕುರ್ಚಿ ಮೇಡಂಗೆ ನೀರು ಯಾವ ಕಡೆ ಎಂದು ತಿಳಿಯದೇ ಹೋಯಿತೇ ಎಂದು ಪತ್ರಿಕೆಯಲ್ಲಿ ಚಿತ್ರ ಹಾಕಿ ನಕ್ಕಿದ್ದರು. ಆ ಪತ್ರಿಕೆಯನ್ನು ಆಕೆಯ ಕಣ್ಣಿಗೆ ಬೀಳದಂತೆ ಟೈಲರ್ ಕತ್ತರಿಸಿ ತೋಳಿನ ಅಳತೆಯ ಕಾಗದ ಮಾಡಿಬಿಟ್ಟಿದ್ದರು. ಹೆಂಡತಿಯ ಮೇಲೆ ಎಷ್ಟು ಮುನಿಸಿದ್ದರೂ ಊರವರು ಆಕೆಯನ್ನು ನೋಡಿ ನಗುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲ.

“ತಿರುಗಿಸಿ,” ಎಂದರು. “ತಿರುಗಿಸೋದು ಒಳ್ಳೆ ಕೆಲಸ.”

ಮೇಸ್ತ್ರಿ ಕೈ ಮುಗಿದ. ಅವನ ಕಣ್ಣು ತುಂಬಿತ್ತು.

“ನೀವೂ ಬರ್ಬೇಕು ಸಾರ್,” ಎಂದ ಎಂಜಿನಿಯರ್. “ಒಂದ್ಸಲವೂ ಬಂದಿಲ್ವಂತೆ ನೀವು.”

ನಾದಿನಿ, ಮನೆಗೆ ಹೋಗಿ ಸಂಜೆ ಬರುವವರಿಗೆ ಜಾಗ ಮಾಡುತ್ತೇನೆಂದು, ಟೀಚರಮ್ಮನ ಜೊತೆ ಹೊರಟಳು. ಟೈಲರ್ ಬೇಡವೆನ್ನಬೇಕೆಂದುಕೊಂಡರು. ಅಷ್ಟರಲ್ಲಿ ಕಾಲು ತಾನಾಗಿ ಎಂಜಿನಿಯರ್ ಹಿಂದೆ ಗುಡ್ಡ ಇಳಿಯತೊಡಗಿತ್ತು.

* * *

ದಂಡೆ ಊರಿನವರಿಗೆ ತೆರೆದ ದಿನ ಟೈಲರ್ ಹೊಸ ಅಂಗಿ ಹೊಲಿದುಕೊಂಡಿದ್ದರು. ಬೆಳಿಗ್ಗೆ ಹೊರಡುವಾಗ ಆಕೆ, “ಗಾಡಿ ಕಳಿಸ್ತೀನಿ, ತಯಾರಾಗಿರಿ,” ಎಂದು ಹೇಳಿ ಹೋಗಿದ್ದಳು. ಟೈಲರ್ ತಲೆ ಬಾಚಿ, ಅಂಗಿ ಮುದುಡದಂತೆ ಕುರ್ಚಿಯ ತುದಿಯಲ್ಲಿ ಕುಳಿತು ಕಾದರು. ಬೀದಿಯಲ್ಲಿ ಜನ ಗುಂಪುಗುಂಪಾಗಿ ದಂಡೆಯ ಕಡೆ ಹೋದರು. ಬ್ಯಾಂಡಿನ ಸದ್ದು ಕೇಳಿಸಿತು. ಚಪ್ಪಾಳೆ ಕೇಳಿಸಿತು. ಜನ ವಾಪಸು ಬಂದರು. ಗಾಡಿ ಬರಲಿಲ್ಲ.

ಕತ್ತಲಾಗುವಾಗ ಆಕೆ ಬಂದಳು. ಮುಖ ಕೆಂಪಗೆ ಹೊಳೆಯುತ್ತಿತ್ತು, ಕೂದಲಲ್ಲಿ ಬಣ್ಣದ ಕಾಗದದ ಚೂರುಗಳಿದ್ದವು. ಹೊಸ ಅಂಗಿ ತೊಟ್ಟು ಕುಳಿತಿದ್ದ ಗಂಡನನ್ನು ಕಂಡಳು. ಹೊಳಪು ಹಾಗೇ ಇಳಿದುಹೋಯಿತು. “ಗಾಡಿ ಕಳಿಸೋದೇ ಮರ್ತುಬಿಟ್ಟೆ,” ಎಂದು ಹೊಸ್ತಿಲಲ್ಲೇ ಕುಳಿತಳು.

“ಊಟ ಬಡಿಸ್ಲಾ?” ಎಂದರು ಟೈಲರ್.

ಜಗಳವಾಡಿದ್ದರೆ ಒಂದು ರಾತ್ರಿಗೆ ಮುಗಿಯುತ್ತಿತ್ತು. ಅವರು ಜಗಳವಾಡುವವರಲ್ಲ. ಮುಂದಿನ ಭಾನುವಾರ ಆಕೆ, “ಬನ್ನಿ, ಹೋಗಿ ಬರೋಣ,” ಎಂದಾಗ, “ಕೆಲಸ ಇದೆ,” ಎಂದರು. ಅದರ ಮುಂದಿನ ಭಾನುವಾರವೂ ಅಷ್ಟೇ. ಹಟ ಮೊದಮೊದಲು ಕಚ್ಚುತ್ತದೆ, ಆಮೇಲೆ ಹಳೆಯ ಚಪ್ಪಲಿಯ ಹಾಗೆ ಕಾಲಿಗೆ ಒಗ್ಗಿಬಿಡುತ್ತದೆ. ಆಕೆ ಕರೆಯುವುದನ್ನು ಬಿಟ್ಟಳು. ನಿವೃತ್ತಿಯಾದ ಮೇಲೂ ದಿನವೂ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಒಬ್ಬಳೇ ದಂಡೆಗೆ ಹೋಗಿ ಕುಳಿತು, ಸಂಜೆ ಮನೆಗೆ ಬರುತ್ತಿದ್ದಳು.

ಒಂದೇ ಒಂದು ಸಲ ಟೈಲರ್ ಬಾಯಿಬಿಟ್ಟು ಅಂದಿದ್ದರು. “ಮದುವೆ ಆದದ್ದು ನನ್ನನ್ನ. ಸಂಸಾರ ಮಾಡಿದ್ದು ನೀರಿನ ಜೊತೆ. ನಿನ್ನ ಮುಖ ಯಾವತ್ತಾದ್ರೂ ಮನೆ ಕಡೆ ತಿರುಗಿತ್ತಾ?”

ಆಕೆ ಮೆಲ್ಲಗೆ ನಕ್ಕು, ದೀಪ ಆರಿಸಿ ಮಲಗಿಕೊಂಡಳು. ಆ ನಗು ಅವರಿಗೆ ಬಹಳ ದಿನ ಚುಚ್ಚಿತು. ಈ ದಿನ ಗುಡ್ಡದ ಮೇಲೆ ಮಣ್ಣು ಹಾಕುವಾಗಲೂ ಅದೇ ನಗು ಕಣ್ಣಿಗೆ ಕಟ್ಟಿತ್ತು.

* * *

ಸಂಜೆಯ ಬೆಳಕಿನಲ್ಲಿ ದಂಡೆ ಟೈಲರ್ ಅಂದುಕೊಂಡ ಹಾಗಿರಲಿಲ್ಲ. ಏನೋ ದೊಡ್ಡದಿರಬೇಕು ಎಂದುಕೊಂಡಿದ್ದರು. ಇಲ್ಲಿ ಹೆಚ್ಚೇನೂ ಇರಲಿಲ್ಲ. ಕಲ್ಲು, ಮರ, ನೀರು. ಹಳಿಗಳ ನಡುವೆ ಹುಲ್ಲು. ಹಳೆಯ ಕ್ರೇನು ಹಕ್ಕಿಗಳ ಕೂಗನ್ನು ಹೊತ್ತು ಮಬ್ಬಾಗಿ ನಿಂತಿತ್ತು. ನೀರಿಗಿಳಿಯುವ ಅಗಲವಾದ ಮೆಟ್ಟಿಲುಗಳ ಮೇಲೆ ಜನ ಕುಳಿತಿದ್ದರು. ಕೆಲವರು ಮಾತಾಡುತ್ತಿದ್ದರು, ಕೆಲವರು ಆಡುತ್ತಿರಲಿಲ್ಲ. ಯಾರಿಗೂ ಎಲ್ಲಿಗೂ ಹೋಗಬೇಕಾಗಿಲ್ಲ ಎಂಬಂತೆ ಹೊತ್ತು ಅಲ್ಲಿ ನಿಂತುಬಿಟ್ಟಿತ್ತು. ಒಂದು ಹುಡುಗಿ ಕಲ್ಲಿನ ಗೀರಿನಲ್ಲಿ ಬೆರಳಿಟ್ಟು ನಡೆದುಹೋಯಿತು. ಟೈಲರ್ ಬಗ್ಗಿ ಅದೇ ಗೀರಿನಲ್ಲಿ ಮಣ್ಣಾದ ತಮ್ಮ ಬೆರಳಿಟ್ಟರು. ಕಲ್ಲು ಇನ್ನೂ ಬೆಚ್ಚಗಿತ್ತು.

ತಿರುಗಾಮುರುಗಾ ಬೆಂಚು ಕೊನೆಯಲ್ಲಿ, ಒಂದು ಮರದ ಕೆಳಗಿತ್ತು. ಎಂಜಿನಿಯರ್ ಬರುವವರನ್ನು ಎದುರುಗೊಳ್ಳಲು ಹೋದ. ಮೇಸ್ತ್ರಿ ಚೀಲ ಬಿಚ್ಚಿ ಸ್ಪ್ಯಾನರ್ ತೆಗೆದು ಮೊಣಕಾಲೂರಿದ. ಕಲ್ಲಿನ ಕಾಲಿಗೆ ಮರದ ಹಲಗೆಯನ್ನು ಬೋಲ್ಟು ಹಾಕಿ ಬಿಗಿದಿದ್ದರು.

“ತುಕ್ಕು ಹಿಡಿದಿದೆ ಸಾರ್. ಹಲಗೆ ಅಲುಗಾಡುತ್ತೆ. ಸ್ವಲ್ಪ ಕೂತ್ಕೊಳ್ಳಿ, ಭಾರಕ್ಕೆ ಗಟ್ಟಿಯಾಗಿ ನಿಲ್ಲಲಿ.”

ಟೈಲರ್ ಕುಳಿತರು. ನೀರು ಬೆನ್ನ ಹಿಂದೆ ಹೋಯಿತು. ಮುಂದೆ ಬರೀ ಮಂಜು.

“ತಪ್ಪು ನಂದೇ ಸಾರ್,” ಮೇಸ್ತ್ರಿ ಕೆಳಗಿನಿಂದ ಹೇಳುತ್ತಿದ್ದ. “ಇವತ್ತು ಬಾಯಿಬಿಟ್ಟು ಹೇಳ್ಬಿಡ್ತೀನಿ. ನಕ್ಷೆಯ ಎಲ್ಲ ಹಾಳೇಲೂ ನೀರು ಕೆಳಗಡೆ ಬರೆದಿದ್ರು. ಕೊನೇ ಹಾಳೇಲಿ ಮಾತ್ರ ಮೇಲ್ಗಡೆ. ನಾನು ಅಭ್ಯಾಸಬಲದಲ್ಲಿ ತಲೆಕೆಳಗು ಹಿಡ್ಕೊಂಡೆ. ಬೆಂಚು ಕೂರಿಸಿ ಆದ್ಮೇಲೆ ನೋಡ್ತೀನಿ, ಹಿಂದು ಮುಂದಾಗಿದೆ. ಜೀವ ಬಾಯಿಗೆ ಬಂತು. ತೆರೆಯೋ ದಿನದ ಹಿಂದಿನ ಸಂಜೆ ಅದು.”

“ಅವಳು ಬೈದ್ಲಾ?”

“ಬೈತಾರೆ ಅಂತಾನೇ ನಿಂತಿದ್ದೆ. ಬಂದ್ರು, ನೀವು ಕೂತ ಹಾಗೆ ಕೂತ್ರು. ಕತ್ತಲಾಗೋವರೆಗೂ ಎದ್ದೇಳಲಿಲ್ಲ. ಆಮೇಲೆ ಒಬ್ರೇ ನಕ್ರು. ‘ಇರಲಿ ಬಿಡಿ ಮೇಸ್ತ್ರಿ,’ ಅಂದ್ರು. ‘ಅವರಿಗೆ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ಪರದೆ ಹಾಕ್ಬಿಡ್ತಾರೆ.’”

ಟೈಲರ್ ಕತ್ತು ಬಗ್ಗಿಸಿ ಅವನನ್ನು ನೋಡಿದರು. “ಯಾರಿಗೆ ಹೇಳ್ಬೇಡಿ ಅಂದ್ಳು?”

“ಅವರಿಗೆ ಸಾರ್. ದೊಡ್ಡ ಸಾಹೇಬರಿಗೆ. ಗೊತ್ತಾದ್ರೆ ನನ್ನ ಕೆಲಸದಿಂದ ತೆಗೆದು ತಪ್ಪಿನ ಮೇಲೆ ಪರದೆ ಎಳೀತಿದ್ರಲ್ಲ, ಅದಕ್ಕೆ. ನನ್ನ ಉಳಿಸೋಕೆ ಊರೋರ ಬಾಯಿಗೆಲ್ಲ ಬಿದ್ರು ಅಮ್ಮ. ಆ ಋಣ ನನ್ನ ತಲೆ ಮೇಲಿದೆ. ಅವರ ಹೆಸರಿನ ಬೆಂಚು ನನ್ನ ತಪ್ಪಿನಿಂದ ನಗೆಪಾಟಲಾಗಬಾರದು.”

“ಸಾಹೇಬರಿಗೆ ಅಂತ ಬಾಯಿಬಿಟ್ಟು ಅಂದ್ಳಾ?”

ಮೇಸ್ತ್ರಿ ಸ್ಪ್ಯಾನರ್ ನಿಲ್ಲಿಸಿ ಯೋಚಿಸಿದ. “ಇಲ್ಲ. ಅವರಿಗೆ ಅಂದ್ರು. ಅಷ್ಟೇ.”

ಟೈಲರ್ ಕಣ್ಣು ತುಂಬಿ ಕನ್ನಡಕದ ಗಾಜು ಮಸುಕಾಯಿತು. ಒರೆಸಿಕೊಳ್ಳಲೆಂದು ಕನ್ನಡಕ ತೆಗೆದರು, ತಲೆ ಎತ್ತಿದರು.

ಮಂಜು ಹೋಗಿತ್ತು. ಎದುರಿಗೆ ಹುಲ್ಲು, ಹುಲ್ಲಿನಾಚೆ ರಸ್ತೆ, ರಸ್ತೆಯಾಚೆ ಒಂದು ಗೋದಾಮು ಕೆಡವಿದ ಖಾಲಿ ಸಂದು. ಆ ಸಂದಿನಲ್ಲಿ ಸರಿಯಾಗಿ ಕೂತ ಹಾಗೆ ಒಂದು ಹಳೆಯ ಕಟ್ಟಡ. ಮೂರನೆಯ ಮಹಡಿಯಲ್ಲಿ ಪರದೆಯಿಲ್ಲದ ಒಂದು ಕಿಟಕಿ. ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ದೀಪದ ಕೆಳಗೆ ಹೊಲಿಗೆ ಮಷಿನಿನ ಕಪ್ಪು ಕತ್ತು. ಮಷಿನಿನ ಮುಂದೆ ಖಾಲಿ ಸ್ಟೂಲು.

ಟೈಲರ್ ಆ ಸ್ಟೂಲನ್ನು ನೋಡುತ್ತ ಕುಳಿತರು. ಅಲ್ಲಿ ತಾವು ಮಷಿನ್ ಮೇಲೆ ತಲೆಯಿಟ್ಟು ನಿದ್ದೆ ಹೋದದ್ದು, ಬಾಯಲ್ಲಿ ನೂಲು ಕಚ್ಚಿಕೊಂಡು ಕೆಂಪು ಬಟ್ಟೆಗೆ ಅಂಚು ಮಡಿಸಿದ್ದು, ಮಧ್ಯಾಹ್ನದಲ್ಲಿ ದೀಪ ಆರಿಸದೆ ಕುಳಿತದ್ದು, ಎಲ್ಲವನ್ನೂ ಈ ಹಲಗೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಒಬ್ಬರು ನೋಡುತ್ತಿದ್ದರು. ಗೊತ್ತಾಗಿದ್ದರೆ ನಿಜವಾಗಿಯೂ ನಾಚಿಕೆಯಿಂದ ಪರದೆ ಹಾಕಿಬಿಡುತ್ತಿದ್ದೆ ಎಂದು ಅವರಿಗೆ ಅನಿಸಿತು. ತಮ್ಮನ್ನು ಆಕೆಯಷ್ಟು ಬಲ್ಲವರು ಯಾರೂ ಇರಲಿಲ್ಲ.

“ಆಯ್ತು ಸಾರ್, ಬೋಲ್ಟು ಸಡಿಲಾಯ್ತು,” ಎಂದ ಮೇಸ್ತ್ರಿ. “ಏಳಿ, ತಿರುಗಿಸೋಣ.”

“ಬಿಗಿದುಬಿಡಿ.”

“ಸಾರ್?”

“ಇರಲಿ ಬಿಡಿ ಮೇಸ್ತ್ರಿ. ನೀವು ತಪ್ಪೇನೂ ಮಾಡಿಲ್ಲ. ಅವರು ಅಂದ್ರೆ ಸಾಹೇಬರಲ್ಲ.”

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಟೈಲರ್‌ಗೆ ಪುರುಸೊತ್ತೂ ಇರಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಕಿಟಕಿಯ ಬೆಳಕಿನಲ್ಲಿ ಯಾರೋ ಬಂದು ನಿಂತರು. ನಾದಿನಿ. ಕೈಯಲ್ಲಿ ಹೊದಿಕೆ. ಅವಳು ಸ್ಟೂಲನ್ನು ಕಿಟಕಿಯ ಹತ್ತಿರ ಎಳೆದು ಅದರ ಮೇಲೆ ಹತ್ತಿದಳು. ಹೊದಿಕೆಯ ಒಂದು ತುದಿಯನ್ನು ಮೇಲೆ ಮೊಳೆಗೆ ಸಿಕ್ಕಿಸಿದಳು. ಅರ್ಧ ಕಿಟಕಿ ಕಪ್ಪಾಯಿತು.

“ಬೇಡ,” ಎಂದರು ಟೈಲರ್.

ಆ ದನಿ ಪಕ್ಕದಲ್ಲಿದ್ದ ಮೇಸ್ತ್ರಿಗೂ ಸರಿಯಾಗಿ ಕೇಳಿಸಲಿಲ್ಲ. ನಾದಿನಿ ಇನ್ನೊಂದು ತುದಿಯನ್ನು ಹುಡುಕುತ್ತಿದ್ದಳು. ಟೈಲರ್ ಎದ್ದರು. ಎದ್ದದ್ದು ಸಾಲದೆನಿಸಿ ಬೆಂಚಿನ ಮೇಲೆ ಹತ್ತಿದರು. ಸಡಿಲವಾದ ಹಲಗೆ ಅಲುಗಾಡಿತು, ಮೇಸ್ತ್ರಿ ಕೆಳಗಿನಿಂದ ಅವರ ಕಾಲು ಹಿಡಿದುಕೊಂಡ. ಒಂದು ದಿನವೂ ದನಿ ಎತ್ತಿ ಮಾತಾಡದ ಆ ಮನುಷ್ಯ, ತಿರುಗಿಸಿ ಹೊಲಿದ ಕಾಲರಿನ ಅಂಗಿಯಲ್ಲಿ, ನೀರಿಗೆ ಬೆನ್ನು ಹಾಕಿ ನಿಂತು, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಬೀಸತೊಡಗಿದರು. ಮೆಟ್ಟಿಲುಗಳ ಮೇಲೆ ಕುಳಿತಿದ್ದವರು ಒಬ್ಬೊಬ್ಬರಾಗಿ ನೀರಿನಿಂದ ಮುಖ ತಿರುಗಿಸಿ, ಅವರು ಯಾರಿಗೆ ಕೈ ಬೀಸುತ್ತಿದ್ದಾರೆಂದು ನೋಡಿದರು.

ಮೂರನೆಯ ಮಹಡಿಯಲ್ಲಿ ನಾದಿನಿಯ ಕೈ ನಿಂತಿತು. ಅವಳು ಕಣ್ಣಿಗೆ ಅಂಗೈ ಅಡ್ಡ ಹಿಡಿದು ದಂಡೆಯ ಕಡೆ ಬಗ್ಗಿ ನೋಡಿದಳು. ಮೊಳೆಯಿಂದ ಹೊದಿಕೆ ಜಾರಿತು, ದೀಪದ ಬೆಳಕು ಮತ್ತೆ ಕಿಟಕಿಯ ತುಂಬ ಬಂತು. ಅಲ್ಲಿ ನಿಂತವರು ಯಾರೆಂದು ತಿಳಿಯದೆ ಅವಳೂ ಮೆಲ್ಲಗೆ ಕೈ ಎತ್ತಿದಳು.